ಬೆಂಗಳೂರಿನ ಬೈಕ್ ರ‍್ಯಾಲಿಗೆ ತಂಡ ಕಟ್ಟಿಕೊಂಡು ಹೊರಡುವವರಿಗೆ: ಸಿದ್ಧತೆಯಿಂದ ಮನೆ ಸೇರುವವರೆಗೆ ಸಮಗ್ರ ಮಾರ್ಗದರ್ಶಿ

ಜುಲೈ ತಿಂಗಳ ಎರಡನೆಯ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನ. ಆ ದಿನ ಹಳೆಯ ಜಾವಾ, ಯೆಜ್ಡಿ ಬೈಕುಗಳು ಸುತ್ತಲಿನ ಊರುಗಳಿಂದ ಬೆಂಗಳೂರಿಗೆ ಬಂದು ಸೇರುತ್ತವೆ. ಮೈಸೂರಿನವರಾದ ನಮಗೆ ಇದು ಮನೆಯ ಹಬ್ಬವಿದ್ದಂತೆ, ಏಕೆಂದರೆ ಈ ಗಾಡಿಗಳು ಹುಟ್ಟಿದ್ದೇ ನಮ್ಮೂರಿನಲ್ಲಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ತಯಾರಿಕೆ ಶುರುವಾಯಿತು, 1996ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆ ನಿಂತ ಮೇಲೂ ಗಾಡಿಗಳು ನಿಲ್ಲಲಿಲ್ಲ. ನಮ್ಮ ತಂದೆ ಕೊಂಡ ಯೆಜ್ಡಿ ರೋಡ್‌ಕಿಂಗ್ ಇವತ್ತಿಗೂ ಎರಡನೆಯ ಕಿಕ್ಕಿಗೆ ಏಳುತ್ತದೆ.

ಆ ಗಾಡಿಯಲ್ಲಿ ನಾನು ಹಲವು ವರ್ಷಗಳಿಂದ ನಮ್ಮ ತಂಡದ ಕೊನೆಯ ಸವಾರ. ಯಾರ ಗಾಡಿ ಕೆಟ್ಟರೂ ಅವರ ಪಕ್ಕ ನಿಲ್ಲುವುದು, ಯಾರನ್ನೂ ಹಿಂದೆ ಬಿಟ್ಟು ಮುಂದೆ ಹೋಗದಿರುವುದು ನನ್ನ ಕೆಲಸ. ಈ ಜಾಗದಲ್ಲಿ ಕುಳಿತು ನೋಡಿದವರಿಗೆ ರ‍್ಯಾಲಿ ಬೇರೆಯಾಗಿಯೇ ಕಾಣುತ್ತದೆ. ಮುಂದಿನವರಿಗೆ ಖಾಲಿ ರಸ್ತೆ ಕಾಣುತ್ತದೆ, ಹಿಂದಿನವನಿಗೆ ಇಡೀ ತಂಡ ಕಾಣುತ್ತದೆ. ಯಾರು ಸುಸ್ತಾಗಿದ್ದಾರೆ, ಯಾರ ಚೈನು ಸಡಿಲವಾಗಿದೆ, ಯಾರು ಸಿಗ್ನಲ್ ಹಾರಿಸಲು ಹೊರಟಿದ್ದಾರೆ ಎಂಬುದೆಲ್ಲ ಅವನ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಕೊನೆಯ ಗಾಡಿಯ ಮಾತು ಮತ್ತೆ ಮತ್ತೆ ಬರುತ್ತದೆ. ಜಾವಾ ದಿನಕ್ಕೆ ಮಾತ್ರವಲ್ಲ, ರಾಜ್ಯೋತ್ಸವದ ಮೆರವಣಿಗೆಗೆ, ಹೆಲ್ಮೆಟ್ ಜಾಗೃತಿಯ ಸವಾರಿಗೆ, ಬೇಡಿಕೆ ಮುಂದಿಟ್ಟು ರಾಜಧಾನಿಗೆ ಹೊರಡುವ ಬೈಕ್ ಜಾಥಾಕ್ಕೆ ಕೂಡ ಇದೇ ಕ್ರಮ ಅನ್ವಯಿಸುತ್ತದೆ.

ಮೊದಲು ಲೆಕ್ಕ ಹಾಕಿ: ನಿಮ್ಮ ತಂಡ ಎಷ್ಟು ಉದ್ದ?

ಎಷ್ಟು ಜನ ಬರುತ್ತಾರೆ ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ಉದ್ದವಾಗುತ್ತದೆ ಎಂದು ಕೇಳುವವರು ಕಡಿಮೆ.

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಎರಡು ಸಾಲಿನಲ್ಲಿ, ಓರೆಯಾಗಿ ಒಬ್ಬರ ಹಿಂದೊಬ್ಬರು ಹೋಗುವಾಗ ಪಕ್ಕದ ಸಾಲಿನ ಮುಂದಿನ ಗಾಡಿಗೂ ನಿಮಗೂ ಒಂದು ಸೆಕೆಂಡ್, ನಿಮ್ಮದೇ ಸಾಲಿನ ಮುಂದಿನ ಗಾಡಿಗೂ ನಿಮಗೂ ಎರಡು ಸೆಕೆಂಡ್ ಅಂತರ ಬೇಕು. ಇದಕ್ಕಿಂತ ಕಡಿಮೆಯಾದರೆ ಡ್ರಮ್ ಬ್ರೇಕಿನ ಹಳೆಯ ಗಾಡಿ ನಿಲ್ಲುವುದಿಲ್ಲ. ಹಾಗೆ ಅಂತರವಿಟ್ಟರೆ 30 ಬೈಕುಗಳ ತಂಡ ಅರ್ಧ ಕಿಲೋಮೀಟರ್ ಉದ್ದವಾಗುತ್ತದೆ. 300 ಬೈಕುಗಳಾದರೆ 5 ಕಿಲೋಮೀಟರ್.

ನಗರದೊಳಗೆ ವೇಗ 30ಕ್ಕೆ ಇಳಿದಾಗ ಅದೇ 300 ಬೈಕುಗಳ ಸಾಲು ಎರಡೂವರೆ ಕಿಲೋಮೀಟರಿಗೆ ಕುಗ್ಗುತ್ತದೆ. ಆದರೆ ಒಂದು ವೃತ್ತವನ್ನು ದಾಟಲು ಆಗಲೂ 5 ನಿಮಿಷ ಬೇಕು. ಬೆಂಗಳೂರಿನ ಯಾವ ವೃತ್ತದಲ್ಲಾದರೂ 5 ನಿಮಿಷ ಅಡ್ಡ ರಸ್ತೆಯನ್ನು ತಡೆದರೆ ಏನಾಗುತ್ತದೆ ಎಂದು ಅಲ್ಲಿ ಒಮ್ಮೆ ಸಿಕ್ಕಿಹಾಕಿಕೊಂಡವರಿಗೆ ಗೊತ್ತು. ಆದ್ದರಿಂದ ಇಡೀ ರ‍್ಯಾಲಿ ಒಂದೇ ಸಾಲಾಗಿ ಹೋಗಬೇಕೆಂಬ ಆಸೆಯನ್ನು ಮೊದಲ ಸಭೆಯಲ್ಲೇ ಬಿಡಿ. ಹತ್ತು ಹನ್ನೆರಡು ಗಾಡಿಗಳ ಗುಂಪುಗಳನ್ನು ಮಾಡಿ. ಪ್ರತಿ ಗುಂಪಿಗೂ ಒಬ್ಬ ಮುಂದಾಳು, ಒಬ್ಬ ಕೊನೆಯ ಸವಾರ. ಗುಂಪಿಗೂ ಗುಂಪಿಗೂ ನಡುವೆ ಎರಡು ಮೂರು ನಿಮಿಷದ ಅಂತರ. ಆ ಅಂತರದಲ್ಲಿ ಬಸ್ಸು ದಾಟುತ್ತದೆ, ಪಾದಚಾರಿಗಳು ದಾಟುತ್ತಾರೆ, ನಗರ ತನ್ನ ಪಾಡಿಗೆ ತಾನು ನಡೆಯುತ್ತದೆ.

ಮುಂದಾಳುವನ್ನು ಆರಿಸುವಾಗ ವೇಗದ ಸವಾರನನ್ನು ಆರಿಸಬೇಡಿ. ದಾರಿ ಚೆನ್ನಾಗಿ ಗೊತ್ತಿರುವ, ಕನ್ನಡಿ ನೋಡುವ ಅಭ್ಯಾಸವಿರುವ, ಅವಸರವಿಲ್ಲದ ಮನುಷ್ಯ ಬೇಕು. ಕೊನೆಯ ಸವಾರನಿಗೆ ಗಾಡಿ ರಿಪೇರಿ ಗೊತ್ತಿರಬೇಕು. ಇವರಿಬ್ಬರ ನಡುವೆ, ಮುಂದಾಳುವಿನ ಬೆನ್ನಿಗೆ, ಎಲ್ಲಕ್ಕಿಂತ ನಿಧಾನವಾದ ಗಾಡಿಯನ್ನು ಹಾಕಿ. 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದ ಹೊಸ ಜಾವಾಗಳು, 2022ರಲ್ಲಿ ಬಂದ ಹೊಸ ಯೆಜ್ಡಿಗಳು ಹಿಂದೆ ಇರಲಿ. ಹಳೆಯ ಗಾಡಿಗಳು ಮುಂದಿದ್ದರೆ ಇಡೀ ಗುಂಪು ಅವುಗಳ ವೇಗಕ್ಕೆ ತಾನಾಗಿಯೇ ಹೊಂದಿಕೊಳ್ಳುತ್ತದೆ.

ಅನುಮತಿ

ಬೇರೊಬ್ಬರು ನಡೆಸುವ ರ‍್ಯಾಲಿಗೆ ಹೋಗುತ್ತಿದ್ದರೆ ಆಯೋಜಕರಿಂದ ಪೊಲೀಸ್ ಅನುಮತಿ ಪತ್ರದ ಪ್ರತಿಯನ್ನು ಕೇಳಿ ಪಡೆಯಿರಿ. ಕೇಳಲು ಸಂಕೋಚ ಬೇಡ. ಪ್ರತಿ ಕೊಡದ ಆಯೋಜಕರ ರ‍್ಯಾಲಿಗೆ ಊರಿನ ಹುಡುಗರನ್ನು ಕರೆದುಕೊಂಡು ಹೋಗಬೇಡಿ.

ನೀವೇ ನಡೆಸುತ್ತಿದ್ದರೆ ಕನಿಷ್ಠ ಒಂದು ತಿಂಗಳು ಮೊದಲೇ ಕೆಲಸ ಶುರು ಮಾಡಿ. ಬೆಂಗಳೂರು ನಗರ ಪೊಲೀಸ್ ಆಯುಕ್ತರ ಕಚೇರಿಗೆ, ಮಾರ್ಗ ಹಾದುಹೋಗುವ ವಿಭಾಗಗಳ ಕಾನೂನು ಸುವ್ಯವಸ್ಥೆ ಮತ್ತು ಸಂಚಾರ ಪೊಲೀಸರಿಗೆ ಲಿಖಿತ ಅರ್ಜಿ ಕೊಡಬೇಕು. ಅರ್ಜಿಯಲ್ಲಿ ದಿನಾಂಕ, ಹೊರಡುವ ಮತ್ತು ಮುಗಿಯುವ ಸಮಯ, ಆರಂಭದ ಜಾಗ, ಕೊನೆಯ ಜಾಗ, ರಸ್ತೆಗಳ ಹೆಸರು, ಗಾಡಿಗಳ ಸಂಖ್ಯೆ, ಜವಾಬ್ದಾರಿ ಹೊತ್ತವರ ಹೆಸರು ಮತ್ತು ಫೋನ್ ಸಂಖ್ಯೆ ಇರಲಿ. ಮೈದಾನದಲ್ಲಿ ಸೇರುವುದಾದರೆ ಅದರ ಮಾಲೀಕರ ಒಪ್ಪಿಗೆ ಪತ್ರವನ್ನು ಲಗತ್ತಿಸಿ. ಧ್ವನಿವರ್ಧಕಕ್ಕೆ ಪ್ರತ್ಯೇಕ ಅನುಮತಿ ಬೇಕು. ಗಾಡಿಗಳ ಸಂಖ್ಯೆಯನ್ನು ಕಡಿಮೆ ತೋರಿಸುವ ಚಾಳಿಯನ್ನು ಹಲವರಲ್ಲಿ ನೋಡಿದ್ದೇನೆ. ಅದು ತಪ್ಪು. ನೂರು ಎಂದು ಬರೆದು ಐನೂರು ಬಂದರೆ ಆ ದಿನ ನಿಯೋಜನೆಯಾದ ನಾಲ್ಕು ಜನ ಪೇದೆಗಳು ಏನು ಮಾಡಬೇಕು? 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಆ ದಿನವನ್ನು ಕಂಡ ನಗರದಲ್ಲಿ ಜನ ಸೇರಿಸುವವರು ಸಂಖ್ಯೆಯ ಬಗ್ಗೆ ಸುಳ್ಳು ಹೇಳಬಾರದು.

ಪ್ರತಿಭಟನೆಯ ರ‍್ಯಾಲಿಯಾದರೆ ನಿಯಮ ಇನ್ನೂ ಬಿಗಿ. ಬೆಂಗಳೂರಿನಲ್ಲಿ ಪ್ರತಿಭಟನೆಗಳನ್ನು ಫ್ರೀಡಂ ಪಾರ್ಕ್‌ಗೆ ಸೀಮಿತಗೊಳಿಸಿದ ಆದೇಶ 2021ರಲ್ಲಿ ಜಾರಿಗೆ ಬಂತು. ಹಳೆಯ ಕೇಂದ್ರ ಕಾರಾಗೃಹವೇ ಇಂದಿನ ಫ್ರೀಡಂ ಪಾರ್ಕ್. ತುರ್ತು ಪರಿಸ್ಥಿತಿಯ ಕಾಲದಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಬಂಧಿಸಿಟ್ಟಿದ್ದು ಅಲ್ಲೇ. ಶೇಷಾದ್ರಿ ರಸ್ತೆಯ ಆ ಆವರಣದೊಳಗೆ ಜನ ಕೂರಬಹುದು, ನೂರಾರು ಬೈಕು ಹಿಡಿಸುವುದಿಲ್ಲ. ಗಾಡಿಗಳನ್ನು ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ಕೇಳಿ ಬರೆಸಿಕೊಳ್ಳಿ. ಇಲ್ಲವಾದರೆ ಭಾಷಣ ಮುಗಿಸಿ ಹೊರಬರುವಷ್ಟರಲ್ಲಿ ಗಾಡಿ ಟೋಯಿಂಗ್ ಆಗಿರುತ್ತದೆ.

ಗಾಡಿಯ ಸಿದ್ಧತೆ: ನಾಲ್ಕು ವಾರ ಮೊದಲಿನಿಂದ

ಇಲ್ಲಿ ನಾನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ದಾರಿಯಲ್ಲಿ ನಿಲ್ಲುವ ಗಾಡಿಗಳಲ್ಲಿ ಹೆಚ್ಚಿನವು ಮನೆಯಲ್ಲೇ ಕೆಟ್ಟಿರುತ್ತವೆ. ವಾರಕ್ಕೊಮ್ಮೆ ಬೀದಿ ಸುತ್ತುವ ಗಾಡಿಯ ರೋಗ 145 ಕಿಲೋಮೀಟರ್ ಓಡಿದಾಗ ಹೊರಬರುತ್ತದೆ.

ನಾಲ್ಕು ವಾರ ಇರುವಾಗ ಟೈರುಗಳನ್ನು ನೋಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳ ಅಚ್ಚು ಇರುತ್ತದೆ. 2317 ಎಂದಿದ್ದರೆ 2017ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಹಳೆಯ ಗಾಡಿಗಳು ಕಡಿಮೆ ಓಡುವುದರಿಂದ ಟೈರಿನ ಹಲ್ಲುಗಳು ಹೊಸದರಂತೆ ಕಾಣುತ್ತವೆ. ಆದರೆ ರಬ್ಬರು ಗಟ್ಟಿಯಾಗಿ, ಬದಿಯಲ್ಲಿ ಕೂದಲೆಳೆಯಂಥ ಬಿರುಕುಗಳು ಬಂದಿರುತ್ತವೆ. ಉಗುರಿನಿಂದ ಒತ್ತಿದರೆ ತಿಳಿಯುತ್ತದೆ. ಜುಲೈ ಮಳೆಯಲ್ಲಿ ಅಂಥ ಟೈರು ಒದ್ದೆ ಡಾಂಬರಿನ ಮೇಲೆ ಸೋಪಿನಂತೆ ಜಾರುತ್ತದೆ. ಟ್ಯೂಬನ್ನೂ ಜೊತೆಗೇ ಬದಲಿಸಿ.

ಆಮೇಲೆ ಬ್ರೇಕ್ ಲೈನರ್, ಕ್ಲಚ್ ವೈರು, ಆಕ್ಸಿಲರೇಟರ್ ವೈರು. ವೈರಿನ ತುದಿಯಲ್ಲಿ ಒಂದೇ ಒಂದು ಎಳೆ ಬಿಟ್ಟಿದ್ದರೂ ಬದಲಿಸಿ. ಯೆಜ್ಡಿಯ ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನೂ ಸ್ವಲ್ಪ ಬಿಡುತ್ತದೆ, ಹಾಗಾಗಿ ವೈರು ತುಂಡಾದರೂ ಹೇಗೋ ಮನೆ ಸೇರಬಹುದು ಎಂದು ಧೈರ್ಯ ಹೇಳುವವರಿದ್ದಾರೆ. ಖಾಲಿ ರಸ್ತೆಯಲ್ಲಿ ಆ ಮಾತು ನಿಜ. ಮೈಸೂರು ರಸ್ತೆಯ ದಟ್ಟಣೆಯಲ್ಲಿ ಆ ಧೈರ್ಯ ಬೇಡ.

ಎರಡು ವಾರ ಇರುವಾಗ ಸೈಲೆನ್ಸರ್ ಬಿಚ್ಚಿಸಿ ಒಳಗಿನ ಕಾರ್ಬನ್ ತೆಗೆಸಿ. ಟೂ ಸ್ಟ್ರೋಕ್, ಅಂದರೆ ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಗಾಡಿ, ಉಸಿರುಕಟ್ಟಿ ಎಳೆಯದಿದ್ದರೆ ಎಷ್ಟೋ ಸಲ ಕಾರಣ ಅಲ್ಲಿರುತ್ತದೆ. ಬಿಚ್ಚಿದ ಬಫಲ್ ಕೊಳವೆಯನ್ನು, ಅಂದರೆ ಸದ್ದು ತಗ್ಗಿಸುವ ಒಳಕೊಳವೆಯನ್ನು, ಮತ್ತೆ ಹಾಕಿಸಲು ಮರೆಯಬೇಡಿ. ಸದ್ದು ಚೆನ್ನಾಗಿರುತ್ತದೆಂದು ಅದನ್ನು ಬಿಟ್ಟು ಓಡಿಸುವುದು ಕಾನೂನಿಗೆ ವಿರುದ್ಧ. ಯೆಜ್ಡಿಯ ನಿಜವಾದ ಸದ್ದು ಬಫಲ್ ಇದ್ದಾಗಿನದೇ. ಅದನ್ನು ಕಾರ್ಖಾನೆಯವರು ಬೇಕೆಂದೇ ಹಾಗೆ ಮಾಡಿದ್ದರು.

ಒಂದು ವಾರ ಇರುವಾಗ ಪರೀಕ್ಷಾ ಸವಾರಿ. ನಮ್ಮ ತಂಡದ ಕಟ್ಟುನಿಟ್ಟಿನ ನಿಯಮವಿದು: ನಂಜನಗೂಡಿಗೋ ಶ್ರೀರಂಗಪಟ್ಟಣದ ಆಚೆಗೋ ಕನಿಷ್ಠ 50 ಕಿಲೋಮೀಟರ್ ನಿಲ್ಲಿಸದೆ ಓಡಿಸಿ ಬರದ ಗಾಡಿ ಬೆಂಗಳೂರಿಗೆ ಬರುವಂತಿಲ್ಲ. ಒಮ್ಮೆ ಹಿರಿಯರೊಬ್ಬರು ಬೇಸರಪಟ್ಟುಕೊಂಡರು. ಪರೀಕ್ಷಾ ಸವಾರಿಯ 40ನೇ ಕಿಲೋಮೀಟರಿನಲ್ಲಿ ಅವರ ಗಾಡಿಯ ಕಿಡಿಗೆ ಬೇಕಾದ ಕಂಡೆನ್ಸರ್ ಹೋಯಿತು. ಅಂದಿನಿಂದ ಎಲ್ಲರಿಗಿಂತ ಮೊದಲು ಗಾಡಿ ತೆಗೆಯುವವರು ಅವರೇ.

ಹಿಂದಿನ ದಿನ ಪೆಟ್ರೋಲ್. ಟೂ ಸ್ಟ್ರೋಕ್ ಗಾಡಿಗಳು ಅಪರೂಪವಾಗಿರುವುದರಿಂದ ಈಗ ಎಷ್ಟೋ ಬಂಕುಗಳಲ್ಲಿ ಟೂ-ಟಿ ಆಯಿಲ್ ಸಿಗುವುದಿಲ್ಲ, ಹಾಗಾಗಿ ಕೈಯಲ್ಲಿ ಒಯ್ಯಬೇಕು. ನಾನು ಲೀಟರಿಗೆ 35 ಮಿಲಿಲೀಟರ್ ಹಾಕುತ್ತೇನೆ. ಹತ್ತು ಲೀಟರ್ ಪೆಟ್ರೋಲಿಗೆ 350. ಹಳೆಯ ಔಷಧಿ ಶೀಶೆಗೆ ಗೆರೆ ಹಾಕಿ ಇಟ್ಟುಕೊಂಡಿದ್ದೇನೆ. ಮೊದಲು ಟ್ಯಾಂಕಿಗೆ ಆಯಿಲ್ ಸುರಿಯಬೇಕು, ಆಮೇಲೆ ಪೆಟ್ರೋಲ್ ಬಿಡಿಸಬೇಕು. ಪೈಪಿನಿಂದ ಬೀಳುವ ರಭಸಕ್ಕೆ ಎರಡೂ ಕಲೆಯುತ್ತವೆ. ಆಮೇಲೆ ಮುಚ್ಚಳ ಹಾಕಿ, ಗಾಡಿಯನ್ನು ಎರಡೂ ತೊಡೆಯ ನಡುವೆ ಹಿಡಿದು ಆಚೀಚೆ ಹತ್ತು ಸಲ ತೂಗಬೇಕು. ಟ್ಯಾಂಕಿನೊಳಗೆ ಗುಳುಗುಳು ಎನ್ನುವ ಸದ್ದು ಏಳುತ್ತದೆ, ನೀಲಿ ಆಯಿಲಿನ ವಾಸನೆ ಮೂಗಿಗೆ ಬಡಿಯುತ್ತದೆ. ನನ್ನ ಬಾಲ್ಯದ ಭಾನುವಾರಗಳ ವಾಸನೆ ಅದು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಅದು ತೇವವನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರು ಪೈಪುಗಳನ್ನು ಮೆತ್ತಗಾಗಿಸುತ್ತದೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲನ್ನು ನಂಬಿ ಹೊರಡಬೇಡಿ. ಪೆಟ್ರೋಲ್ ಪೈಪು ಮತ್ತು ವಾಷರುಗಳನ್ನು ವರ್ಷಕ್ಕೊಮ್ಮೆ ಬದಲಿಸಿ.

ಗುಂಪಿಗೆ ಒಂದರಂತೆ ಈ ಸಾಮಾನುಗಳ ಚೀಲ ಕೊನೆಯ ಸವಾರನ ಬಳಿ ಇರಲಿ: ಪ್ಲಗ್ ನಾಲ್ಕು, ಪಾಯಿಂಟ್ ಸೆಟ್, ಕಂಡೆನ್ಸರ್, ಎರಡು ವೈರುಗಳು, ಚೈನ್ ಲಾಕ್, ಬಲ್ಬು, ಫ್ಯೂಸು, ಹಿಂದಿನ ಮತ್ತು ಮುಂದಿನ ಟ್ಯೂಬು, ಪಂಕ್ಚರ್ ಸಾಮಾನು, ಕಾಲಿನಿಂದ ಒತ್ತುವ ಪಂಪು, ಸ್ಪ್ಯಾನರುಗಳು, ಇಕ್ಕಳ, ಕಟ್ಟುತಂತಿ, ಒಂದು ಲೀಟರ್ ಆಯಿಲ್, ಹಳೆಯ ಬಟ್ಟೆ, ಟಾರ್ಚು.

ಕಾಗದಪತ್ರ, ಹೆಲ್ಮೆಟ್

ಚಾಲನಾ ಪರವಾನಗಿ, ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ: ನಾಲ್ಕೂ ಬೇಕು. ಡಿಜಿಲಾಕರ್‌ನಲ್ಲಿದ್ದರೂ ಸಾಕು. ಹಳೆಯ ಗಾಡಿಯ ಆರ್‌ಸಿಯನ್ನು ಮೊದಲ 15 ವರ್ಷ ಕಳೆದ ಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನವೀಕರಣ ಮರೆತವರು ಪ್ರತಿ ವರ್ಷ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅತಿ ಸುರಕ್ಷಿತ ನೋಂದಣಿ ಫಲಕವನ್ನೂ ಹಾಕಿಸಿರಿ. ಮೂಲ ಫಲಕದ ಅಂದ ಹಾಳಾಗುತ್ತದೆ ಎಂಬ ಕೊರಗು ನನಗೂ ಇತ್ತು. ಆ ಹಳೆಯ ಫಲಕ ಈಗ ನಮ್ಮ ಮನೆಯ ಗೋಡೆಯ ಮೇಲಿದೆ.

ಹೆಲ್ಮೆಟ್ ಬಗ್ಗೆ ಚರ್ಚೆಗೆ ಜಾಗವಿಲ್ಲ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಐಎಸ್‌ಐ ಗುರುತಿನ, ಕಿವಿ ಮುಚ್ಚುವ ಹೆಲ್ಮೆಟ್ ಆಗಿರಬೇಕು, ಗಲ್ಲದ ಪಟ್ಟಿ ಬಿಗಿದಿರಬೇಕು. ಮೈಸೂರು ಪೇಟ ತೊಟ್ಟು ಸವಾರಿ ಮಾಡುವ ಆಸೆ ರಾಜ್ಯೋತ್ಸವದ ರ‍್ಯಾಲಿಗಳಲ್ಲಿ ಬರುತ್ತದೆ. ಪೇಟವನ್ನು ಚೀಲದಲ್ಲಿ ಒಯ್ದು ಮೈದಾನದಲ್ಲಿ ತೊಡಿ. ಬಾವುಟದ ಕೋಲನ್ನು ಹಿಂಬದಿ ಸವಾರ ಕೈಯಲ್ಲಿ ಹಿಡಿಯುವುದು ಬೇಡ. ಗಾಳಿಗೆ ಕೋಲು ತಿರುಗಿ ಪಕ್ಕದ ಸವಾರನ ಮುಖಕ್ಕೆ ಬಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಬಾವುಟ ಚಿಕ್ಕದಾಗಿರಲಿ, ಗಾಡಿಗೆ ಗಟ್ಟಿಯಾಗಿ ಕಟ್ಟಿರಲಿ.

ದಾರಿ: ದಶಪಥ ನಮ್ಮದಲ್ಲ

ಮೈಸೂರಿನಿಂದ ಹೊರಡುವವರು ಮೊದಲು ತಿಳಿಯಬೇಕಾದ್ದು ಇದು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ನಾವು ಸರ್ವಿಸ್ ರಸ್ತೆಯಲ್ಲಿ, ಊರುಗಳ ಒಳಗಿನ ಹಳೆಯ ರಸ್ತೆಯಲ್ಲಿ ಹೋಗಬೇಕು. ನಕ್ಷೆಯ ಆ್ಯಪ್‌ನಲ್ಲಿ ಬೈಕಿನ ಗುರುತು ಒತ್ತದೆ ಕಾರಿನ ದಾರಿ ಹಿಡಿದು ಮುಖ್ಯ ಪಥಕ್ಕೆ ಏರಿ ದಂಡ ಕಟ್ಟಿದವರು ನಮ್ಮ ತಂಡದಲ್ಲೇ ಇದ್ದಾರೆ. ಸರ್ವಿಸ್ ರಸ್ತೆ ಎಲ್ಲ ಕಡೆ ಒಂದೇ ಸಮ ಸಾಗುವುದಿಲ್ಲ, ಅಲ್ಲಲ್ಲಿ ಊರೊಳಗೆ ತಿರುಗಿಸುತ್ತದೆ. ಆದ್ದರಿಂದ ಮುಂದಾಳು ಹಿಂದಿನ ವಾರ ಅದೇ ದಾರಿಯಲ್ಲಿ ಒಮ್ಮೆ ಹೋಗಿ ಬರಲೇಬೇಕು.

ಬೆಳಿಗ್ಗೆ ನಾಲ್ಕಕ್ಕೇ ಹೊರಡುವ ಹುಮ್ಮಸ್ಸು ಬೇಡ. ಮಂಡ್ಯ ಸೀಮೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಹಿಂದೀಪವಿಲ್ಲದೆ ನಿಂತಿರುತ್ತವೆ. ಟ್ರೈಲರಿನಿಂದ ಆಳೆತ್ತರ ಹೊರಚಾಚಿದ ಕಬ್ಬಿನ ಜಲ್ಲೆಗಳು ಕತ್ತಲಲ್ಲಿ ನಮ್ಮ ಆರು ವೋಲ್ಟಿನ ಹೆಡ್‌ಲೈಟಿಗೆ ಕಾಣುವುದೇ ಇಲ್ಲ. ಐದೂವರೆಗೆ ಹೊರಟರೆ ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಬೆಳಕಾಗುತ್ತದೆ. ಮದ್ದೂರಿನಲ್ಲಿ ಮೊದಲ ದೊಡ್ಡ ವಿಶ್ರಾಂತಿ: ವಡೆ, ಕಾಫಿ, ಎಂಜಿನ್ನಿಗೆ ಇಪ್ಪತ್ತು ನಿಮಿಷ ಆರುವ ಸಮಯ. ಚನ್ನಪಟ್ಟಣ, ರಾಮನಗರದ ಉಬ್ಬುಗಳನ್ನು ದಾಟಿ ಬಿಡದಿಯಲ್ಲಿ ಎರಡನೆಯದು. ತಟ್ಟೆ ಇಡ್ಲಿ ತಿನ್ನದೆ ಬಿಡದಿ ದಾಟಿದರೆ ತಂಡದಲ್ಲಿ ದಂಗೆಯೇಳುತ್ತದೆ. ಕೆಂಗೇರಿಯ ಹೊತ್ತಿಗೆ ಎಂಟೂವರೆ ಒಂಬತ್ತು. ಭಾನುವಾರವಾದ್ದರಿಂದ ನಗರ ಆಗಷ್ಟೇ ಏಳುತ್ತಿರುತ್ತದೆ.

ಬೇರೆ ದಿಕ್ಕಿನಿಂದ ಬರುವವರಿಗೆ ಎರಡು ಮಾತು. ಮಂಗಳೂರಿನ ಕಡೆಯವರು ಜುಲೈನಲ್ಲಿ ಶಿರಾಡಿ ಘಾಟಿ ತೆರೆದಿದೆಯೇ ಎಂದು ಹಿಂದಿನ ದಿನ ವಿಚಾರಿಸಿ. ಹುಬ್ಬಳ್ಳಿಯಿಂದ 400 ಕಿಲೋಮೀಟರ್ ಮೀರುವುದರಿಂದ ಹಳೆಯ ಗಾಡಿಯವರು ಚಿತ್ರದುರ್ಗದಲ್ಲೋ ತುಮಕೂರಿನಲ್ಲೋ ರಾತ್ರಿ ಉಳಿಯುವುದು ಒಳ್ಳೆಯದು. ಕಲಬುರಗಿ, ಬೀದರ್ ಕಡೆಯವರಿಗೆ ರೈಲಿನ ಪಾರ್ಸೆಲ್ ಇದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಆರ್‌ಸಿ ಪ್ರತಿ ಕೊಟ್ಟು, ಗೋಣಿ ಸುತ್ತಿಸಿ ಕಳಿಸಬಹುದು. ನಗರದ ಅಂಚಿನ ಟೋಲ್ ರಸ್ತೆಯಾದ ನೈಸ್ ರಸ್ತೆ ಹಿಡಿಯುವವರು ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಅಲ್ಲಿ ದ್ವಿಚಕ್ರ ವಾಹನಗಳನ್ನು ನಿಷೇಧಿಸಿ 2022ರಲ್ಲಿ ಬಂದ ಆದೇಶವನ್ನು ಮರೆಯಬೇಡಿ.

ಹೊರಡುವ ಮುನ್ನದ ಹತ್ತು ನಿಮಿಷ

ಎಲ್ಲರೂ ಎಂಜಿನ್ ಆರಿಸಿ ಸುತ್ತ ನಿಲ್ಲಬೇಕು. ಮುಂದಾಳು ಒಬ್ಬರೇ ಮಾತಾಡಬೇಕು. ಎಲ್ಲಿ ನಿಲ್ಲುತ್ತೇವೆ, ಕೈಸನ್ನೆಗಳು ಯಾವುವು, ಯಾರ ಫೋನಿಗೆ ಕರೆ ಮಾಡಬೇಕು ಎಂದು ಹೇಳಬೇಕು. ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಹೆಸರು, ರಕ್ತದ ಗುಂಪು, ಮನೆಯವರ ಫೋನ್ ಸಂಖ್ಯೆ ಬರೆದು ಜೇಬಿನಲ್ಲಿಟ್ಟುಕೊಳ್ಳಲಿ. ಹೆಸರಿನ ಪಟ್ಟಿ ಕೊನೆಯ ಸವಾರನ ಕೈಗೆ.

ಹೊಸಬರನ್ನು ಹೆಸರು ಹಿಡಿದು ಕರೆದು, "ನೀವು ಹಿಂದೆ ಬಿದ್ದರೆ ಗಾಬರಿಯಾಗಿ ವೇಗ ಹೆಚ್ಚಿಸಬೇಡಿ, ನಿಮ್ಮ ಹಿಂದೆ ಅಣ್ಣ ಇರುತ್ತಾರೆ" ಎಂದು ನನ್ನನ್ನು ತೋರಿಸಿ ಹೇಳುವ ರೂಢಿ ನಮ್ಮಲ್ಲಿದೆ. ಇಡೀ ಸೂಚನೆಯಲ್ಲಿ ಅತಿ ಮುಖ್ಯವಾದ ಮಾತು ಅದು. ಗುಂಪಿನ ಸವಾರಿಯಲ್ಲಿ ಹೊಸಬರು ಎಡವುವುದು ಹಿಂದುಳಿಯುವ ಭಯದಿಂದ. ಮುಂದಿನವರನ್ನು ಹಿಡಿಯಲು ಹೋಗಿ ಕಾಣದ ತಿರುವಿನಲ್ಲಿ ಲಾರಿಯನ್ನು ಹಿಂದಿಕ್ಕುತ್ತಾರೆ.

ತಿರುವುಗಳಲ್ಲಿ ಗುರುತಿನ ಸವಾರ

ಕೆಲವು ವರ್ಷಗಳ ಹಿಂದೆ ನಾಯಂಡಹಳ್ಳಿಯಲ್ಲಿ ನಮ್ಮ ತಂಡ ಹರಿದುಹೋಯಿತು. ಮುಂದಿನವರು ಹಸಿರು ದೀಪದಲ್ಲಿ ದಾಟಿದರು, ಐದು ಜನ ಕೆಂಪಿನಲ್ಲಿ ಉಳಿದರು. ದೀಪ ಬದಲಾದ ಮೇಲೆ ಆ ಐವರೂ ಕಣ್ಣಿಗೆ ಬಿದ್ದ ಬೇರೊಂದು ಬೈಕ್ ಗುಂಪನ್ನು ನಮ್ಮದೆಂದು ತಿಳಿದು ವರ್ತುಲ ರಸ್ತೆಗೆ ತಿರುಗಿದರು. ಅವರನ್ನು ಹುಡುಕಿ ಸೇರಿಸಲು ಒಂದೂವರೆ ಗಂಟೆ ಹಿಡಿಯಿತು. ಅಂದಿನಿಂದ ನಾವು ಈ ಪದ್ಧತಿ ಅನುಸರಿಸುತ್ತೇವೆ.

ದಾರಿ ತಿರುಗುವಲ್ಲೆಲ್ಲ ಮುಂದಾಳುವಿನ ಬೆನ್ನ ಹಿಂದಿರುವ ಸವಾರ ಎಡಬದಿಗೆ ಸುರಕ್ಷಿತವಾಗಿ ನಿಲ್ಲುತ್ತಾನೆ, ಕೈ ಚಾಚಿ ದಾರಿ ತೋರಿಸುತ್ತಾನೆ. ಉಳಿದವರು ಅವನನ್ನು ನೋಡಿ ತಿರುಗುತ್ತಾರೆ. ಕೊನೆಯ ಗಾಡಿ ಬರುವವರೆಗೆ ಅವನು ಜಾಗ ಬಿಡುವಂತಿಲ್ಲ, ಹತ್ತು ನಿಮಿಷವಾದರೂ ಸರಿ. ಕೊನೆಯ ಸವಾರ ಕಾಣಿಸಿದೊಡನೆ ಅವನ ಮುಂದೆ ಸೇರಿಕೊಳ್ಳುತ್ತಾನೆ. ಮುಂದಿನ ತಿರುವಿಗೆ ಈಗ ಮುಂದಾಳುವಿನ ಹಿಂದಿರುವ ಬೇರೊಬ್ಬ ನಿಲ್ಲುತ್ತಾನೆ. ಹೀಗೆ ಎಲ್ಲರಿಗೂ ಸರದಿ ಬರುತ್ತದೆ. ಮೊದಲ ಜಾಗದಲ್ಲಿರುವ ನಿಧಾನದ ಗಾಡಿಗೆ ಮಾತ್ರ ಈ ಕೆಲಸದಿಂದ ವಿನಾಯಿತಿ. ಅದರ ಹಿಂದಿನವನು ನಿಲ್ಲಲಿ.

ಇದರ ಲಾಭ ದೊಡ್ಡದು. ಸಿಗ್ನಲ್ ಹಾರಿಸುವ ಅಗತ್ಯವೇ ಉಳಿಯುವುದಿಲ್ಲ. ಕೆಂಪು ದೀಪ ತಂಡವನ್ನು ಎರಡು ತುಂಡು ಮಾಡಿದರೂ ಯಾರೂ ದಾರಿ ತಪ್ಪುವುದಿಲ್ಲ. ಇದನ್ನು ಕಲಿತ ಮೇಲೆ ನಮ್ಮ ತಂಡದವರು ವೃತ್ತದ ನಡುವೆ ಬೈಕ್ ಅಡ್ಡ ನಿಲ್ಲಿಸಿ ವಾಹನ ತಡೆಯುವ ಕೆಟ್ಟ ಚಟವನ್ನು ಪೂರ್ತಿ ಬಿಟ್ಟರು. ವಾಹನಗಳನ್ನು ತಡೆಯುವ ಅಧಿಕಾರ ಸಂಚಾರ ಪೊಲೀಸರಿಗೆ ಮಾತ್ರ ಇದೆ.

ನಗರದೊಳಗೆ

ಆಂಬುಲೆನ್ಸ್ ಬಂದಾಗ ಏನು ಮಾಡಬೇಕೆಂಬುದನ್ನು ಬೆಳಗಿನ ಸೂಚನೆಯಲ್ಲೇ ಅಭ್ಯಾಸ ಮಾಡಿಸಿ. ಆಂಬುಲೆನ್ಸ್ ಬರುವುದು ಹಿಂದಿನಿಂದ. ಮೊದಲು ಅದನ್ನು ಕಾಣುವವನು ಕೊನೆಯ ಸವಾರ. ಅವನು ಎಡಗೈ ಮೇಲೆತ್ತಿ ಎಡಕ್ಕೆ ತೋರಿಸಿ ಎರಡು ಸಲ ಉದ್ದವಾಗಿ ಹಾರ್ನ್ ಹೊಡೆಯಬೇಕು. ಅವನ ಮುಂದಿನವನು ಕನ್ನಡಿಯಲ್ಲಿ ನೋಡಿ ಅದನ್ನೇ ಮಾಡಬೇಕು. ಹೀಗೆ ಸನ್ನೆ ಮುಂದಕ್ಕೆ ಹರಿಯುತ್ತಿದ್ದಂತೆ ಎರಡು ಸಾಲು ಒಂದಾಗಿ ಎಡಕ್ಕೆ ಸರಿಯುತ್ತದೆ.

ಒಂದು ವರ್ಷ ಮಳೆ ಸುರಿಯುತ್ತಿತ್ತು. ಸಿರ್ಸಿ ವೃತ್ತದ ಮೇಲ್ಸೇತುವೆಗೆ ಇನ್ನೂ ಸ್ವಲ್ಪ ದೂರ. ಸೈರನ್ ಕೇಳಿಸಿ ಕನ್ನಡಿ ನೋಡಿದರೆ ಮಳೆಹನಿಗಳ ನಡುವೆ ಕೆಂಪು ನೀಲಿ ದೀಪ ಒಡೆದೊಡೆದು ಕಾಣುತ್ತಿತ್ತು. ಕೈ ಎತ್ತಿದೆ. ನನ್ನ ಮುಂದಿದ್ದ ಹುಡುಗ ಅದೇ ಮೊದಲ ಸಲ ಬಂದವನು, ಅವನ ಕೈಯೂ ತಟ್ಟನೆ ಮೇಲೆದ್ದಿತು. ಅವನ ಮುಂದೆ ಇನ್ನೊಂದು, ಮತ್ತೊಂದು. ಇಪ್ಪತ್ತೆಂಟು ಗಾಡಿಗಳು ಎಡಗಡೆಯ ಕಲ್ಲಿನ ಅಂಚಿಗೆ ಒಂದೇ ಸಾಲಾಗಿ ಒತ್ತಿಕೊಂಡವು. ಆಂಬುಲೆನ್ಸ್ ವೇಗ ತಗ್ಗಿಸದೆ ದಾಟಿತು. ಕಿಟಕಿಯ ಪರದೆ ಸ್ವಲ್ಪ ಸರಿದಿತ್ತು, ಒಳಗೆ ಹೆಂಗಸೊಬ್ಬರು ಯಾರದೋ ಪಾದಗಳನ್ನು ಹಿಡಿದು ಕುಳಿತಿದ್ದರು. ಆ ವರ್ಷದ ರ‍್ಯಾಲಿಯಲ್ಲಿ ನನಗೆ ನೆನಪಿರುವುದು ಅದೊಂದೇ.

ಆಸ್ಪತ್ರೆ, ನ್ಯಾಯಾಲಯ, ಶಾಲೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಮಾರ್ಗದಲ್ಲಿ ಯಾವ ಆಸ್ಪತ್ರೆಗಳು ಬರುತ್ತವೆ ಎಂದು ಮೊದಲೇ ಗುರುತು ಮಾಡಿ, ಅಲ್ಲಿ ಹಾರ್ನ್ ಇಲ್ಲ, ಎಂಜಿನ್ ಏರಿಸುವುದಿಲ್ಲ ಎಂದು ಹೇಳಿ. ಕೆ.ಆರ್. ಮಾರುಕಟ್ಟೆಯ ಸುತ್ತ ಭಾನುವಾರ ಬೆಳಿಗ್ಗೆ ಹೂವಿನ ವ್ಯಾಪಾರದ ದಟ್ಟಣೆ. ಒದ್ದೆ ಎಲೆ, ಹೂವಿನ ದಂಟು ರಸ್ತೆಯ ಮೇಲೆ ಬಿದ್ದಿರುತ್ತವೆ, ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿಯಬೇಡಿ. ಭಾನುವಾರ ಕಬ್ಬನ್ ಉದ್ಯಾನದೊಳಗೆ ವಾಹನಗಳಿಗೆ ಪ್ರವೇಶವಿಲ್ಲವಾದ್ದರಿಂದ ಆ ಒಳದಾರಿಯನ್ನು ಮಾರ್ಗದಲ್ಲಿ ಸೇರಿಸಬೇಡಿ.

ವಿಧಾನಸೌಧದ ಮುಂದೆ ಗಾಡಿ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳಬೇಕೆಂಬ ಆಸೆ ಎಲ್ಲರಿಗೂ ಇದೆ. ದೂರದ ಊರಿನಿಂದ ಬಂದವರಿಗೆ ಅದು ಸಹಜ. ಆದರೆ ಅಂಬೇಡ್ಕರ್ ವೀಧಿಯಲ್ಲಿ, ಎದುರಿಗೆ ಹೈಕೋರ್ಟ್ ಇರುವ ಜಾಗದಲ್ಲಿ, ನೂರಾರು ಗಾಡಿಗಳು ಒಟ್ಟಿಗೆ ನಿಲ್ಲುವಂತಿಲ್ಲ. ಅದರ ಮುಂದೆ ನಿಲ್ಲದೆ ನಿಧಾನವಾಗಿ ಸಾಗಿ. ಎಂಜಿನ್ನಿನ ಟಪಟಪ ಸದ್ದಿನ ನಡುವೆ ಆ ಕಲ್ಲಿನ ಕಂಬಗಳು ಒಂದೊಂದಾಗಿ ಹಿಂದೆ ಸರಿಯುವುದನ್ನು ನೋಡುವುದೇ ಸೊಗಸು.

ಮೈದಾನ ಸೇರಿದ ಮೇಲೆ ಗಾಡಿಗಳನ್ನು ಹೊರಮುಖವಾಗಿ ನಿಲ್ಲಿಸಿ. ಸಾಲುಗಳ ನಡುವೆ ಒಂದು ಆಂಬುಲೆನ್ಸ್ ಹೋಗುವಷ್ಟು ಜಾಗ ಬಿಡಿ. ಬಿಸಿ ಸೈಲೆನ್ಸರುಗಳ ಬಳಿ ಮಕ್ಕಳನ್ನು ಬಿಡಬೇಡಿ. ಜನರ ಪ್ರಶ್ನೆಗಳಿಗೆ ಸಮಾಧಾನದಿಂದ ಉತ್ತರಿಸಿ. ಯೆಜ್ಡಿಯ ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ ಎಂದು ತೋರಿಸಿದಾಗ ಮಕ್ಕಳ ಕಣ್ಣು ಅರಳುವುದನ್ನು ನೋಡಲೆಂದೇ ನಾನು ಅಷ್ಟು ದೂರ ಹೋಗುತ್ತೇನೆ.

ಕೆಟ್ಟರೆ, ಬಿದ್ದರೆ

ಗಾಡಿ ಕೆಟ್ಟರೆ ಕೊನೆಯ ಸವಾರ ಮತ್ತು ಇನ್ನೊಬ್ಬರು ಮಾತ್ರ ನಿಲ್ಲಬೇಕು. ಎಲ್ಲರೂ ನಿಂತರೆ ರಸ್ತೆ ಬದಿಯಲ್ಲಿ ಎರಡನೆಯ ಅಪಘಾತಕ್ಕೆ ದಾರಿಯಾಗುತ್ತದೆ. ಕೊನೆಯವನ ಕೆಲಸವನ್ನು ಆಗ ಅವನ ಮುಂದಿನವನು ವಹಿಸಿಕೊಳ್ಳುತ್ತಾನೆ. ಇಪ್ಪತ್ತು ನಿಮಿಷದಲ್ಲಿ ಸರಿಹೋಗದಿದ್ದರೆ ಟೆಂಪೊ ಕರೆಸಿ.

ಯಾರಾದರೂ ಬಿದ್ದರೆ ಮೊದಲು ಹಿಂದಿನ ವಾಹನಗಳನ್ನು ಎಚ್ಚರಿಸಿ, ಆಮೇಲೆ 108 ಅಥವಾ 112ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಸಹಾಯವಾಣಿ ಕೂಡ ಇದೆ. ಬಿದ್ದವರ ಹೆಲ್ಮೆಟ್ಟನ್ನು ಎಳೆದು ತೆಗೆಯಬೇಡಿ. ಕುತ್ತಿಗೆಗೆ ಪೆಟ್ಟಾಗಿದ್ದರೆ ಅದು ಜೀವಕ್ಕೇ ಮುಳುವಾಗಬಹುದು. ಉಸಿರಾಟಕ್ಕೆ ತೊಂದರೆಯಿದ್ದರೆ ಮಾತ್ರ ಇಬ್ಬರು ಸೇರಿ, ಒಬ್ಬರು ಕುತ್ತಿಗೆ ಅಲುಗಾಡದಂತೆ ಹಿಡಿದು, ಇನ್ನೊಬ್ಬರು ನಿಧಾನವಾಗಿ ತೆಗೆಯಿರಿ. ನೀರು ಕುಡಿಸಬೇಡಿ. ಬಿದ್ದವರು ನಮ್ಮ ತಂಡದವರಲ್ಲದಿದ್ದರೂ ನಿಲ್ಲಿ. ಅಪಘಾತದಲ್ಲಿ ನೆರವಾಗುವವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ನೀಡುತ್ತದೆ.

ವಾಪಸ್ ದಾರಿ

ಸಂಜೆಯ ದಾರಿ ಬೆಳಗಿನದಕ್ಕಿಂತ ಅಪಾಯಕಾರಿ. ಊಟ ಭಾರವಾಗಿರುತ್ತದೆ, ಮೈ ದಣಿದಿರುತ್ತದೆ, ಎಲ್ಲರಿಗೂ ಮನೆಯ ಅವಸರ. ಭಾನುವಾರ ಸಂಜೆ ಬೆಂಗಳೂರಿನಿಂದ ಹೊರಡುವ ಮತ್ತು ಒಳಬರುವ ವಾಹನಗಳೆರಡೂ ಹೆಚ್ಚು. ಮಧ್ಯಾಹ್ನ ಎರಡಕ್ಕೆ ಮೈದಾನ ಬಿಡಬೇಕೆಂದು ಬೆಳಿಗ್ಗೆಯೇ ಹೇಳಿ, ಎರಡಕ್ಕೇ ಬಿಡಿ. ಬಂದಂತೆಯೇ ಗುಂಪಾಗಿ ಹೊರಡಿ. ಬಿಡದಿಯಲ್ಲೋ ಮದ್ದೂರಿನಲ್ಲೋ "ಇಲ್ಲಿಂದ ಅವರವರ ಪಾಡಿಗೆ ಹೋಗೋಣ" ಎಂದು ಚದುರಿಹೋಗುವ ರೂಢಿಯನ್ನು ನಾವು ನಿಲ್ಲಿಸಿದ್ದೇವೆ. ಮಂಡ್ಯದವರು ಮಂಡ್ಯದಲ್ಲಿ, ಪಾಂಡವಪುರದವರು ಶ್ರೀರಂಗಪಟ್ಟಣದಲ್ಲಿ ಮುಂದಾಳುವಿಗೆ ಹೇಳಿಯೇ ಬೇರೆಯಾಗುತ್ತಾರೆ.

ಮನೆ ಸೇರಿದೊಡನೆ ಪ್ರತಿಯೊಬ್ಬರೂ ಕೊನೆಯ ಸವಾರನಿಗೆ ಒಂದು ಸಂದೇಶ ಕಳಿಸಬೇಕು. ನಾನು ಗಾಡಿಯನ್ನು ಶೆಡ್ಡಿಗೆ ತಳ್ಳಿ, ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ಉರಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಪಕ್ಕದಲ್ಲಿ ಕೂರುತ್ತೇನೆ. ಬೆಳಗಿನ ಪಟ್ಟಿ ಮೊಣಕಾಲ ಮೇಲಿರುತ್ತದೆ, ಮಳೆಗೆ ಶಾಯಿ ಕಲೆಸಿರುತ್ತದೆ. ಸಂದೇಶ ಬಂದಂತೆ ಒಂದೊಂದು ಹೆಸರಿನ ಮುಂದೆ ಗುರುತು ಹಾಕುತ್ತೇನೆ. ಇಪ್ಪತ್ತೆಂಟನೆಯದು ಬೀಳುವವರೆಗೆ ಹೆಲ್ಮೆಟ್ಟನ್ನು ಮೊಳೆಗೆ ನೇತುಹಾಕುವುದಿಲ್ಲ.